ಹೆಲ್ಮೆಟ್ ಕಾಯದ ಬಾಯಿ

ಹತ್ತರಿಂದ ಹದಿನಾಲ್ಕರ ವಯಸ್ಸು ಎರಡು ಕೆಲಸಗಳಿಗೆ ಹೇಳಿ ಮಾಡಿಸಿದ್ದು. ಒಂದು, ಕುದುರೆ ಸವಾರಿ ಕಲಿಯುವುದು. ಕಾಲು ರಿಕಾಪಿಗೆ ಎಟುಕುವಷ್ಟು ಬೆಳೆದಿರುತ್ತದೆ, ಮೈ ಹೇಳಿದಂತೆ ಬಾಗುತ್ತದೆ, ಹೆದರಿಕೆ ಇನ್ನೂ ಕಡಿಮೆ. ಇನ್ನೊಂದು, ಹಲ್ಲಿಗೆ ಕ್ಲಿಪ್ ಹಾಕಿಸುವುದು. ಹಾಲು ಹಲ್ಲುಗಳು ಬಹುಪಾಲು ಉದುರಿ ಕೋರೆ ಹಲ್ಲು ಮೂಡುವ ಹೊತ್ತು ಅದು, ದವಡೆಯೂ ಬೆಳೆಯುತ್ತಿರುತ್ತದೆ. ಬೆಂಗಳೂರಿನ ಹೊರವಲಯದ ಯಾವುದೇ ರೈಡಿಂಗ್ ಶಾಲೆಯ ಅಂಗಳದಲ್ಲಿ ನಿಂತು ನೋಡಿ. ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು ಸರದಿಗೆ ಕಾಯುವ ಮಕ್ಕಳಲ್ಲಿ ಯಾರಾದರೊಬ್ಬರು ನಕ್ಕಾಗ ಬಾಯಲ್ಲಿ ತಂತಿ ಮಿನುಗುತ್ತದೆ.

ಕ್ಲಿಪ್ ತೆಗೆಯುವವರೆಗೆ ಸವಾರಿ ನಿಲ್ಲಿಸಬೇಕೇ ಎಂದು ತಂದೆತಾಯಿ ಕೇಳುತ್ತಾರೆ. ಬೇಕಿಲ್ಲ. ಈ ಚಿಕಿತ್ಸೆ ಸಾಮಾನ್ಯವಾಗಿ ಒಂದೂವರೆ–ಎರಡು ವರ್ಷ ಹಿಡಿಯುತ್ತದೆ. ಹನ್ನೆರಡರ ಮಗುವನ್ನು ಎರಡು ವರ್ಷ ಕುದುರೆಯಿಂದ ದೂರ ಇಟ್ಟರೆ ಅದು ಮರಳಿ ಬರುವುದು ಅನುಮಾನ. ಆದರೆ ಉಳಿದ ಮಕ್ಕಳಿಗೆ ಒಪ್ಪುವ ರಕ್ಷಣೆಯನ್ನೇ ಈ ಮಗುವಿಗೂ ತೊಡಿಸಿ ಸುಮ್ಮನಾಗುವುದೂ ತಪ್ಪು. ಕ್ಲಿಪ್ ಹಾಕಿದ ಬಾಯಿ ಬೇರೆಯದೇ ನಿಯಮಕ್ಕೆ ಸೇರಿದ್ದು. ಅದು ಯಾಕೆಂದು ತಿಳಿಯಲು ಹಲ್ಲು ಚಲಿಸುವ ಬಗೆಯನ್ನು ಮೊದಲು ನೋಡಬೇಕು.

ಹಲ್ಲು ಮೂಳೆಯಲ್ಲಿ ಮೊಳೆ ಹೊಡೆದಂತೆ ನೇರವಾಗಿ ನೆಟ್ಟಿರುವುದಿಲ್ಲ. ಬೇರಿಗೂ ದವಡೆ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ಲೆಕ್ಕವಿಲ್ಲದಷ್ಟು ಸಣ್ಣ ನಾರುಗಳು ಒಂದು ತುದಿಯಲ್ಲಿ ಬೇರನ್ನೂ ಇನ್ನೊಂದು ತುದಿಯಲ್ಲಿ ಮೂಳೆಯನ್ನೂ ಹಿಡಿದು, ಹಲ್ಲನ್ನು ಗುಳಿಯೊಳಗೆ ತೂಗುಹಾಕಿವೆ. ಕ್ಲಿಪ್ಪಿನ ತಂತಿ ಹಲ್ಲನ್ನು ಒಂದು ಕಡೆಗೆ ಮೆಲ್ಲಗೆ ಒತ್ತುತ್ತಾ ಹೋದಾಗ ಒತ್ತಡ ಬಿದ್ದ ಬದಿಯಲ್ಲಿ ಮೂಳೆ ತಿನ್ನುವ ಕೋಶಗಳು ಎಚ್ಚೆತ್ತು ಗುಳಿಯ ಗೋಡೆಯನ್ನು ಕರಗಿಸುತ್ತವೆ. ನಾರು ಎಳೆಯಲ್ಪಟ್ಟ ಎದುರು ಬದಿಯಲ್ಲಿ ಮೂಳೆ ಕಟ್ಟುವ ಕೋಶಗಳು ಹೊಸ ಗೋಡೆ ಎಬ್ಬಿಸುತ್ತವೆ. ಮುಂದೆ ಕರಗುತ್ತಾ ಹಿಂದೆ ತುಂಬುತ್ತಾ ಹಲ್ಲು ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುತ್ತದೆ. ಈ ಅವಧಿಯಲ್ಲಿ ನಾರಿನ ಪದರ ತುಸು ಅಗಲವಾಗಿರುತ್ತದೆ, ಹಲ್ಲು ಬೆರಳಿಗೆ ಸ್ವಲ್ಪ ಅಲುಗುತ್ತದೆ. ನಾಟಿ ಮಾಡಿ ವಾರವಾಗದ ಭತ್ತದ ಸಸಿಯ ಸ್ಥಿತಿ ಅದರದು. ಬೇರು ಹಿಡಿಯುತ್ತಿದೆ, ಪೂರ್ತಿ ಹಿಡಿದಿಲ್ಲ.

ಇನ್ನು ಹಲ್ಲಿನ ಹೊರಮೈಗೆ ಅಂಟಿಕೊಂಡು ತಂತಿಯನ್ನು ಹಿಡಿಯುವ ಬ್ರಾಕೆಟ್. 1955ರಲ್ಲಿ ಮೈಕೆಲ್ ಬ್ಯುನೊಕೋರ್ ಎಂಬ ಅಮೆರಿಕದ ದಂತವಿಜ್ಞಾನಿ, ಎನಾಮೆಲ್ಲಿನ ಮೇಲೆ ಫಾಸ್ಫಾರಿಕ್ ಆಮ್ಲ ಸವರಿದರೆ ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳು ಮೂಡಿ ರಾಳ ಅಲ್ಲಿ ಬಿಗಿಯಾಗಿ ಕಚ್ಚಿಕೊಳ್ಳುತ್ತದೆಂದು ತೋರಿಸಿದರು. ಇವತ್ತಿನ ಬ್ರಾಕೆಟ್ಟುಗಳು ಹಲ್ಲಿಗೆ ಅಂಟುವುದು ಅದೇ ತತ್ವದ ಮೇಲೆ. ಈ ಅಂಟನ್ನು ಬೇಕೆಂದೇ ಒಂದು ಹದದಲ್ಲಿ ಇಟ್ಟಿರುತ್ತಾರೆ. ಊಟ ಅಗಿಯುವಾಗ ಕಳಚಬಾರದು, ಚಿಕಿತ್ಸೆ ಮುಗಿದ ದಿನ ಎನಾಮೆಲ್ ಕಿತ್ತುಬಾರದಂತೆ ಬಿಡಿಸಲು ಬರಬೇಕು. ಕುದುರೆಯ ಮೇಲಿಂದ ಬೀಳುವ ಪೆಟ್ಟಿನ ಲೆಕ್ಕ ಆ ಹದದಲ್ಲಿ ಸೇರಿಲ್ಲ.

ಆ ಪೆಟ್ಟಿನ ಲೆಕ್ಕವನ್ನು ನಾವೇ ಹಾಕೋಣ. ಬೆನ್ನಿನ ಮಟ್ಟಕ್ಕೆ ಒಂದೂವರೆ ಮೀಟರ್ ಎತ್ತರದ ಕುದುರೆಯ ಮೇಲೆ ಹನ್ನೆರಡರ ಮಗು ಕೂತರೆ ಅದರ ತಲೆ ನೆಲದಿಂದ ಸುಮಾರು ಎರಡೂಕಾಲು ಮೀಟರ್ ಮೇಲಿರುತ್ತದೆ. ಅಲ್ಲಿಂದ ಬಿದ್ದ ತಲೆ ನೆಲ ಮುಟ್ಟಲು ಒಂದು ಸೆಕೆಂಡೂ ಬೇಡ, ಮೂರನೇ ಎರಡು ಭಾಗ ಸಾಕು. ಮುಟ್ಟುವ ಹೊತ್ತಿಗೆ ಅದರ ವೇಗ ಗಂಟೆಗೆ 24 ಕಿಲೋಮೀಟರ್. ಇದು ನಿಂತ ಕುದುರೆಯ ಮಾತು. ಓಡುವ ಕುದುರೆಯ ವೇಗ ಇದರ ಜೊತೆಗೆ ಸೇರುತ್ತದೆ. ಬೀಳುವಾಗ ಕೈ ಊರಿಕೊಳ್ಳುವ ಅಭ್ಯಾಸ ಮಕ್ಕಳಿಗಿದೆ, ಆದರೆ ಕೈಯಲ್ಲಿ ಲಗಾಮು ಇದ್ದರೆ ಅದೂ ತಡವಾಗುತ್ತದೆ.

ಸವಾರರ ಬಾಯಿಗೆ ಆಗುವ ಗಾಯವೆಲ್ಲ ಬೀಳುವುದರಿಂದಲೇ ಆಗುವುದಿಲ್ಲ ಎಂಬುದು ಲಾಯದಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಕುದುರೆ ತಟ್ಟನೆ ನಿಂತರೆ ಮಗು ಮುಂದಕ್ಕೆ ಜಾರಿ ಜೀನಿನ ಮುಂಭಾಗಕ್ಕೋ ಕತ್ತಿನ ಏಣಿಗೋ ಬಾಯಿ ಬಡಿಸಿಕೊಳ್ಳುತ್ತದೆ. ಕುದುರೆ ಒಮ್ಮೆಲೇ ತಲೆ ಮೇಲೆತ್ತಿದರೆ ಇನ್ನೂ ಕಷ್ಟ. ಅದರ ತಲೆ–ಕತ್ತು ಸೇರಿ ಮೈತೂಕದ ಹತ್ತರಲ್ಲೊಂದು ಪಾಲು ತೂಗುತ್ತದೆ. ನಾಲ್ಕುನೂರು ಕಿಲೋ ಕುದುರೆಯಲ್ಲಿ ಅದು ಸರಿಸುಮಾರು ನಲವತ್ತು ಕಿಲೋ, ಅಂದರೆ ಒಂದು ಮಗುವಿನ ತೂಕ. ಮುಂದಕ್ಕೆ ಬಾಗಿ ಕೂತ ಸವಾರನ ಬಾಯಿ, ಮೂಗು ಆ ದಾರಿಯಲ್ಲೇ ಇರುತ್ತವೆ. ನೆಲದ ಮೇಲೆ ನಿಂತು ಕುದುರೆಗೆ ಬಾಯಿಕಟ್ಟು ಹಾಕುವಾಗ, ಮೈ ಉಜ್ಜುವಾಗ ಕೂಡ ಇದೇ ಅಪಾಯ. ತನ್ನ ಹಣೆಯ ನೇರ ಮುಂದಿರುವುದು ಕುದುರೆಗೆ ಕಾಣದು. ಅಲ್ಲಿ ಏನೋ ಚಲಿಸಿದಂತಾದರೆ ಅದು ತಲೆ ಎತ್ತುತ್ತದೆ. ಅದರಲ್ಲಿ ಸಿಟ್ಟೇನೂ ಇಲ್ಲ, ಓಡಿ ಬದುಕಿದ ಪ್ರಾಣಿಯ ಎಚ್ಚರ ಅದು.

ಕುದುರೆಯ ಬಾಯಿಯ ಬಗ್ಗೆಯೂ ಇಲ್ಲಿ ಹೇಳಲೇಬೇಕು, ಮಗುವಿನ ಬಾಯಿಗೂ ಅದಕ್ಕೂ ನೇರ ಸಂಬಂಧವಿದೆ. ಕುದುರೆಯ ಬಾಚಿ ಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ಜಾಗವಿದೆ. ಕಡಿವಾಣದ ಲೋಹ ಕೂರುವುದು ಅಲ್ಲಿ. ಅದರ ದವಡೆ ಹಲ್ಲುಗಳು ವರ್ಷಕ್ಕೆ ಎರಡು–ಮೂರು ಮಿಲಿಮೀಟರಿನಂತೆ ಮೇಲಕ್ಕೆ ಬರುತ್ತಲೇ ಇರುತ್ತವೆ, ಮೇವು ಅರೆಯುತ್ತಾ ಸವೆಯುತ್ತಲೂ ಇರುತ್ತವೆ. ಸವೆತ ಸಮನಾಗಿ ಆಗದಿದ್ದಾಗ ಅಂಚಿನಲ್ಲಿ ಚೂಪು ಮೊನೆಗಳು ಮೂಡಿ ಕೆನ್ನೆಯ ಒಳಭಾಗ, ನಾಲಿಗೆ ಗಾಯಗೊಳ್ಳುತ್ತವೆ. ಕೆಲವು ಕುದುರೆಗಳಲ್ಲಿ ಕಡಿವಾಣ ತಾಗುವಲ್ಲೇ ತೋಳಹಲ್ಲು ಎಂದು ಕರೆಯುವ ಸಣ್ಣ ಹಲ್ಲೊಂದು ಇರುತ್ತದೆ. ಇಂಥ ಬಾಯಿಯಲ್ಲಿ, ಅದೂ ಒರಟಾಗಿ ಲಗಾಮು ಎಳೆಯುವ ಹೊಸಬರ ಕೈಯಲ್ಲಿ, ಕಡಿವಾಣ ನೋವು ಕೊಡುತ್ತದೆ. ನೋವಿನಿಂದ ತಪ್ಪಿಸಿಕೊಳ್ಳಲು ಕುದುರೆಗೆ ತಿಳಿದ ಉಪಾಯ ತಲೆ ಒಗೆಯುವುದು. ವರ್ಷಕ್ಕೊಮ್ಮೆಯಾದರೂ ಪಶುವೈದ್ಯರನ್ನು ಕರೆಸಿ ಕುದುರೆಗಳ ಹಲ್ಲು ಅರದಿಂದ ಉಜ್ಜಿಸುವ ಶಾಲೆ ತನ್ನ ಕುದುರೆಯ ಜೊತೆಗೆ ಅದರ ಮೇಲೆ ಕೂರುವ ಮಗುವಿನ ಹಲ್ಲನ್ನೂ ಕಾಯುತ್ತದೆ. ಮಗುವನ್ನು ಸೇರಿಸುವ ಮುನ್ನ, ಕುದುರೆಗಳ ಹಲ್ಲು ಉಜ್ಜಿಸುತ್ತೀರಾ ಎಂದು ಶಾಲೆಯವರನ್ನು ಕೇಳಿ. ತಲೆ ಒಗೆಯುವ ಅಭ್ಯಾಸವಿರುವ ಕುದುರೆಗೆ ಮಾರ್ಟಿಂಗೇಲ್ ಎಂಬ ಎದೆಪಟ್ಟಿ ಹಾಕಿ ತಲೆ ತೀರಾ ಮೇಲೇಳದಂತೆ ಮಾಡುವುದುಂಟು. ಆದರೆ ಕಲಿಯುವ ಮಗುವಿಗೆ ಅಂಥ ಕುದುರೆಯನ್ನು ಕೊಡದಿರುವುದೇ ಮೇಲು.

ಹೆಲ್ಮೆಟ್ ಇದೆಯಲ್ಲ ಎನ್ನಬಹುದು. ಅದು ಇರಲೇಬೇಕು, ಸವಾರಿಗೆಂದೇ ಪರೀಕ್ಷೆ ಪಾಸಾದದ್ದೇ ಆಗಿರಬೇಕು, ಸೈಕಲ್ಲಿನ ಹೆಲ್ಮೆಟ್ ನಡೆಯದು. ಡ್ರೆಸಾಜ್ ಎಂಬ ಸವಾರಿ ಸ್ಪರ್ಧೆಯವರು ಹಿಂದಿನಿಂದ ತೊಡುತ್ತಿದ್ದ ಎತ್ತರದ ಟೋಪಿಯನ್ನು ಕೂಡ ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ ಬಿಡಿಸಿ 2021ರಿಂದ ಹೆಲ್ಮೆಟ್ ಕಡ್ಡಾಯ ಮಾಡಿದೆ. ಅದೇ ವರ್ಷ ಟೋಕಿಯೊದಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಈವೆಂಟಿಂಗ್ ಎಂಬ ಸವಾರಿ ಸ್ಪರ್ಧೆಯ ಫೈನಲ್ ತಲುಪಿ 23ನೆಯವರಾದರು. ಆ ಅಂಗಳದಲ್ಲಿ ಹೆಲ್ಮೆಟ್ ಇಲ್ಲದ ಸವಾರ ಒಬ್ಬರೂ ಇರಲಿಲ್ಲ. ಆದರೆ ಸವಾರಿಯ ಹೆಲ್ಮೆಟ್ಟಿಗೆ ಮುಖದ ಕಂಬಿ ಇರುವುದಿಲ್ಲ. ಹುಬ್ಬಿನಿಂದ ಗದ್ದದವರೆಗಿನ ಜಾಗವೆಲ್ಲ ತೆರೆದೇ ಇರುತ್ತದೆ. ಅಮೆರಿಕದ ದಂತವೈದ್ಯ ಸಂಘ ಹಲ್ಲು ಕಾಯುವ ಮೌತ್‌ಗಾರ್ಡ್ ಹಾಕಿಕೊಳ್ಳಿ ಎಂದು ಸಲಹೆ ಕೊಡುವ ಆಟಗಳ ಪಟ್ಟಿಯಲ್ಲಿ ಬಾಕ್ಸಿಂಗ್, ಹಾಕಿಗಳ ಜೊತೆಗೆ ಕುದುರೆ ಸವಾರಿಯನ್ನೂ ಸೇರಿಸಿರುವುದು ಈ ಕಾರಣಕ್ಕೆ.

ಮೌತ್‌ಗಾರ್ಡ್ ಹುಟ್ಟಿದ್ದು ಬಾಕ್ಸಿಂಗ್ ಕಣದಲ್ಲಿ. 1890ರ ಸುಮಾರಿಗೆ ಲಂಡನ್ನಿನ ದಂತವೈದ್ಯ ವುಲ್ಫ್ ಕ್ರೌಸ್ ಬಾಕ್ಸರುಗಳ ಮೇಲಿನ ಬಾಚಿ ಹಲ್ಲುಗಳ ಮೇಲೆ ಗಟ್ಟಾಪರ್ಚಾದ ಪಟ್ಟಿ ಕೂರಿಸಿ ಕಣಕ್ಕಿಳಿಸುತ್ತಿದ್ದರು. ಮಲಯದ ಮರವೊಂದರ ಹಾಲಿನಿಂದ ಮಾಡುವ ಈ ವಸ್ತುವನ್ನು ಇಂದಿಗೂ ರೂಟ್ ಕೆನಾಲ್ ತುಂಬಲು ಬಳಸುತ್ತಾರೆ. ಮುಂದೆ ಅವರ ಮಗ ಫಿಲಿಪ್ ಕ್ರೌಸ್ ಮತ್ತೆ ಮತ್ತೆ ತೊಡಬಹುದಾದ ಗಾರ್ಡ್ ಮಾಡಿದರು. ಈಗಿನ ಬಹುಪಾಲು ಗಾರ್ಡುಗಳು ಎಥಿಲೀನ್ ವಿನೈಲ್ ಅಸಿಟೇಟ್ ಎಂಬ ಮೆತ್ತನೆ ಪ್ಲಾಸ್ಟಿಕ್ಕಿನವು. ಅದು ಮಾಡುವ ಕೆಲಸ ಸರಳ ಭೌತಶಾಸ್ತ್ರ. ಪೆಟ್ಟು ನಿಲ್ಲಲು ಹಿಡಿಯುವ ಸಮಯ ಎರಡರಷ್ಟಾದರೆ ಬಲ ಅರ್ಧಕ್ಕಿಳಿಯುತ್ತದೆ. ಮೂರು–ನಾಲ್ಕು ಮಿಲಿಮೀಟರಿನ ಮೆತ್ತೆ ಆ ಸಮಯವನ್ನು ಕೊಡುತ್ತದೆ, ಒಂದು ಹಲ್ಲಿಗೆ ತಾಗಬೇಕಿದ್ದ ಬಲವನ್ನು ನಾಲ್ಕಾರು ಹಲ್ಲುಗಳಿಗೆ ಹಂಚುತ್ತದೆ. ತೀರಾ ತೆಳುವಾದ ಗಾರ್ಡ್ ಹಾಕಿಕೊಂಡರೂ ಒಂದೇ, ಬಿಟ್ಟರೂ ಒಂದೇ. ಕ್ಲಿಪ್ ಇರುವ ಮಗುವಿಗೆ ಇನ್ನೊಂದು ಲಾಭವಿದೆ. ಪೆಟ್ಟು ಬಿದ್ದಾಗ ತುಟಿ, ಕೆನ್ನೆಗಳು ಬ್ರಾಕೆಟ್ಟಿನ ಕೊಕ್ಕೆಗಳಿಗೆ ಸಿಕ್ಕಿ ಹರಿಯುವುದು ತಪ್ಪುತ್ತದೆ. ಮಿದುಳಿನ ಆಘಾತವನ್ನೂ ಗಾರ್ಡ್ ತಡೆಯುತ್ತದೆ ಎಂಬ ಜಾಹೀರಾತಿನ ಮಾತನ್ನು ನಂಬಬೇಡಿ. ಅದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಹಲ್ಲು ಮತ್ತು ತುಟಿ ಕಾಯುತ್ತದೆ, ಕೊಟ್ಟ ದುಡ್ಡಿಗೆ ಅಷ್ಟೇ ಸಾಕು.

ಈಗ ಆ ಬೇರೆ ನಿಯಮದ ಮಾತು. ಸಾಧಾರಣ ಬಾಯಿಗೆ ಗಾರ್ಡ್ ಎಷ್ಟು ಬಿಗಿಯಾಗಿ ಕೂತರೆ ಅಷ್ಟು ಒಳ್ಳೆಯದು. ಬಾಯಿ ಅಗಲಿಸಿದರೂ ಕೆಳಗೆ ಬೀಳಬಾರದು. ಕ್ಲಿಪ್ ಹಾಕಿದ ಬಾಯಿಗೆ ಆ ಬಿಗಿಯೇ ಶತ್ರು. ಅಂಗಡಿಯಲ್ಲೂ ಆನ್‌ಲೈನಿನಲ್ಲೂ ಅಗ್ಗಕ್ಕೆ ಸಿಗುವ ಗಾರ್ಡನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಕಚ್ಚಿದರೆ ಅದು ಹಲ್ಲಿನ ಅಚ್ಚು ತೆಗೆದುಕೊಳ್ಳುತ್ತದೆ. ಬ್ರಾಕೆಟ್ ಇರುವ ಹಲ್ಲಿನ ಮೇಲೆ ಹಾಗೆ ಮಾಡಿದರೆ ಮೆತ್ತನೆ ಪ್ಲಾಸ್ಟಿಕ್ ತಂತಿಯ ಅಡಿಗೂ ಕೊಕ್ಕೆಗಳ ಹಿಂದಕ್ಕೂ ಹರಿದು ಅಲ್ಲೇ ಗಟ್ಟಿಯಾಗುತ್ತದೆ. ತೆಗೆಯುವಾಗ ಬ್ರಾಕೆಟ್ಟನ್ನೂ ಕಿತ್ತುಕೊಂಡು ಬರಬಹುದು. ಇಷ್ಟಾಗದೆ ಸರಿಯಾಗಿಯೇ ಕೂತಿತೆಂದುಕೊಳ್ಳಿ. ತಿಂಗಳಿಗೆ ಒಂದು ಮಿಲಿಮೀಟರ್ ಸರಿಯುವ ಹಲ್ಲಿಗೆ ಇಂದಿನ ಅಚ್ಚು ಎರಡು ತಿಂಗಳಲ್ಲಿ ಹಳೆಯದಾಗುತ್ತದೆ. ಆಮೇಲೂ ಅದನ್ನೇ ತುರುಕಿಕೊಂಡರೆ, ಡಾಕ್ಟರ್ ಮುಂದಕ್ಕೆ ತರುತ್ತಿರುವ ಹಲ್ಲನ್ನು ಗಾರ್ಡ್ ಹಿಂದಕ್ಕೆ ಒತ್ತುತ್ತದೆ.

ಇದಕ್ಕೆ ದಾರಿ ಎರಡಿವೆ. ಕ್ಲಿಪ್ ಇರುವವರಿಗೆಂದೇ ಮಾಡಿದ ಸಿಲಿಕೋನ್ ಗಾರ್ಡ್ ಒಂದು. ಅದನ್ನು ಕಾಯಿಸುವುದೂ ಬೇಡ, ಕಚ್ಚಿ ಅಚ್ಚು ಮಾಡುವುದೂ ಬೇಡ. ಬ್ರಾಕೆಟ್ಟುಗಳಿಗೆ ಒಳಗೆ ಅಗಲವಾದ ಕಾಲುವೆ ಇರುತ್ತದೆ, ಹಲ್ಲು ಸರಿದಂತೆ ಅದರಲ್ಲೇ ಹೊಂದಿಕೊಳ್ಳುತ್ತದೆ. ಕೆಳಗಿನ ಸಾಲಿಗೂ ಕ್ಲಿಪ್ ಇದ್ದರೆ ಎರಡೂ ಸಾಲನ್ನು ಮುಚ್ಚುವಂಥದೂ ಸಿಗುತ್ತದೆ. ಸ್ವಲ್ಪ ದಪ್ಪ, ಹಿಡಿತ ಕಡಿಮೆ, ಮಾತು ತೊದಲುತ್ತದೆ. ಇನ್ನೊಂದು, ಕ್ಲಿಪ್ ಹಾಕಿದ ಡಾಕ್ಟರೇ ಮಾಡಿಕೊಡುವುದು. ಅಳತೆ ತೆಗೆಯುವ ಮುನ್ನ ಬ್ರಾಕೆಟ್, ತಂತಿಗಳ ಮೇಲೆ ಮೇಣ ಮೆತ್ತಿ, ಹಲ್ಲು ಯಾವ ಕಡೆ ಸರಿಯಬೇಕೋ ಆ ಕಡೆ ಜಾಗ ಬಿಟ್ಟು ಗಾರ್ಡ್ ಮಾಡುತ್ತಾರೆ. ಅದು ಹಗುರ, ಮಾತಿಗೂ ಉಸಿರಿಗೂ ಅಡ್ಡಿ ಕಡಿಮೆ. ಆದರೆ ಖರ್ಚು ಹೆಚ್ಚು, ಚಿಕಿತ್ಸೆ ಮುಂದುವರಿದಂತೆ ಮತ್ತೆ ಮಾಡಿಸಬೇಕಾಗುತ್ತದೆ. ನನ್ನ ಅಭಿಪ್ರಾಯ ಹೀಗಿದೆ: ಹಲ್ಲು ಬೇಗಬೇಗ ಸರಿಯುವ ಮೊದಲ ವರ್ಷಕ್ಕೆ ಸಿಲಿಕೋನಿನದು ಸಾಕು. ಮಗು ಜಂಪಿಂಗ್ ಶುರು ಮಾಡಿದಾಗ, ಹಲ್ಲು ಹೆಚ್ಚುಕಡಿಮೆ ಜಾಗಕ್ಕೆ ಬಂದ ಹಂತದಲ್ಲಿ, ಡಾಕ್ಟರ್ ಕೈಯಲ್ಲಿ ಮಾಡಿಸಿಕೊಳ್ಳಿ. ಸವಾರನಿಗೆ ಮಾತು ಮುಖ್ಯ. ಕುದುರೆಯನ್ನು ನಾಲಿಗೆ ಲೊಚಗುಟ್ಟಿಸಿ ಮುನ್ನಡೆಸಬೇಕು, ದನಿಯಿಂದ ಸಮಾಧಾನ ಮಾಡಬೇಕು, ತರಬೇತುದಾರರಿಗೆ ಉತ್ತರ ಕೊಡಬೇಕು. ಇದಾವುದೂ ಆಗದ ಗಾರ್ಡನ್ನು ಮಗು ಎರಡನೇ ದಿನವೇ ಜೇಬಿಗೆ ಹಾಕಿಕೊಳ್ಳುತ್ತದೆ. ಮೊದಲ ಕೆಲವು ದಿನ ಮನೆಯಲ್ಲಿ ಹಾಕಿಸಿ ಓದಿಸಿ, ಮಾತಾಡಿಸಿ, ಆಮೇಲೆ ಕುದುರೆ ಹತ್ತಿಸಿ.

ತೆಗೆಯಲು ಬರುವ ಪ್ಲೇಟು, ಅಲೈನರ್, ರಿಟೇನರ್ ಏನಿದ್ದರೂ ಕುದುರೆ ಹತ್ತುವ ಮುನ್ನ ತೆಗೆದು ಡಬ್ಬಿಯಲ್ಲಿಡಬೇಕು. ಪೆಟ್ಟು ಬಿದ್ದರೆ ಅವು ಒಡೆಯುತ್ತವೆ, ಚೂರು ಗಂಟಲಿಗೆ ಇಳಿಯಬಹುದು. ಪಾರದರ್ಶಕ ಅಲೈನರ್ ಗಾರ್ಡಿನ ಹಾಗೆಯೇ ಕಂಡರೂ ಗಾರ್ಡಿನ ಕೆಲಸ ಮಾಡದು. ತಲೆಯ ಹಿಂದಿನಿಂದ ಪಟ್ಟಿ ಎಳೆದು ಕಟ್ಟುವ ಹೆಡ್‌ಗೇರ್ ಹಾಕಿಕೊಂಡು ಲಾಯದ ಹತ್ತಿರವೂ ಹೋಗಬಾರದು. ಅದರ ಕಂಬಿ ಚಿಮ್ಮಿ ಕಣ್ಣಿಗೆ ಗಾಯವಾದ ಪ್ರಕರಣಗಳು ದಂತವೈದ್ಯಕೀಯದಲ್ಲಿ ದಾಖಲಾಗಿವೆ. ಗಾರ್ಡನ್ನು ತಣ್ಣೀರಲ್ಲಿ ತೊಳೆದು ಗಾಳಿಯಾಡುವ ಡಬ್ಬಿಯಲ್ಲಿಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಆಕಾರ ಕೆಡುತ್ತದೆ.

ಎಲ್ಲ ಜಾಗ್ರತೆ ವಹಿಸಿದರೂ ಒಂದು ದಿನ ಮಗು ಬೀಳಬಹುದು. ಮೊದಲು ಎಚ್ಚರ, ಉಸಿರು, ಕತ್ತು ನೋಡಿ. ಹಲ್ಲು ಅದರ ನಂತರ. ಕಾಯಂ ಹಲ್ಲು ಪೂರ್ತಿ ಹೊರಬಂದಿದ್ದರೆ ಗಡಿಯಾರ ಆಗಲೇ ಓಡುತ್ತಿದೆ ಎಂದುಕೊಳ್ಳಿ. ಬೇರಿಗೆ ಅಂಟಿಕೊಂಡ ನಾರಿನ ಕೋಶಗಳು ಒಣಗಿದರೆ ಸಾಯುತ್ತವೆ. ಒಂದು ಗಂಟೆ ಒಣಗಿದ ಹಲ್ಲಿನಲ್ಲಿ ಅವು ಉಳಿಯುವುದಿಲ್ಲ. ಹಲ್ಲಿನ ಬಿಳಿ ತಲೆಯನ್ನು ಹಿಡಿದು ಎತ್ತಿ, ಬೇರು ಮುಟ್ಟಬೇಡಿ, ಉಜ್ಜಬೇಡಿ. ಮಣ್ಣಿದ್ದರೆ ಹಾಲಿನಲ್ಲೋ ಸಲೈನಿನಲ್ಲೋ ಸ್ವಲ್ಪ ಆಡಿಸಿ. ಮಗು ಎಚ್ಚರವಾಗಿದ್ದು ಸಹಕರಿಸಿದರೆ ಅದೇ ಗುಳಿಗೆ, ಅದೇ ದಿಕ್ಕಿಗೆ ಮತ್ತೆ ಕೂರಿಸಿ ಕರವಸ್ತ್ರ ಕಚ್ಚಿಸಿ ಡಾಕ್ಟರ ಹತ್ತಿರ ಓಡಿ. ಧೈರ್ಯ ಬಾರದಿದ್ದರೆ ತಣ್ಣನೆ ಹಾಲಿನಲ್ಲಿ ಹಾಕಿಕೊಂಡು ಹೋಗಿ. ಹತ್ತಿರದ ಅಂಗಡಿಯ ನಂದಿನಿ ಹಾಲಿನ ಪೊಟ್ಟಣ ಈ ಕೆಲಸಕ್ಕೆ ಚೆನ್ನಾಗಿ ಆಗುತ್ತದೆ. ನೀರಿನಲ್ಲಿ ಇಡಬೇಡಿ. ಉಪ್ಪಿನಂಶವಿಲ್ಲದ ನೀರನ್ನು ಕೋಶಗಳು ಹೀರಿ ಉಬ್ಬಿ ಒಡೆಯುತ್ತವೆ. ಎಳನೀರು ಆದೀತೇ ಎಂದು ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದ್ದಾರೆ, ಫಲಿತಾಂಶ ಒಂದೇ ಬಗೆಯಾಗಿ ಬಂದಿಲ್ಲ, ಅದರ ಹುಳಿ ಗುಣವೂ ಒಳ್ಳೆಯದಲ್ಲ. ಹಾಲೇ ಇರಲಿ. ಬಿದ್ದದ್ದು ಹಾಲು ಹಲ್ಲಾದರೆ ಮತ್ತೆ ಕೂರಿಸಲೇಬಾರದು, ಒಳಗೆ ಬೆಳೆಯುತ್ತಿರುವ ಕಾಯಂ ಹಲ್ಲಿಗೆ ಪೆಟ್ಟಾಗುತ್ತದೆ.

ಕ್ಲಿಪ್ ಇದ್ದಲ್ಲಿ ಹಲ್ಲು ಗುಳಿಯಿಂದ ಕಳಚಿಯೂ ತಂತಿಗೆ ಜೋತಾಡುತ್ತಿರಬಹುದು. ತಂತಿ ಕತ್ತರಿಸಿ ಬಿಡಿಸಬೇಡಿ. ಈ ಹೊತ್ತಿನಲ್ಲಿ ಆ ತಂತಿ ಉಪಕಾರಿ, ಹಲ್ಲು ಮಣ್ಣಿಗೆ ಬೀಳದಂತೆ ಅದೇ ಹಿಡಿದಿದೆ. ಚುಚ್ಚುವ ತುದಿಗೆ ಮೇಣ ಮೆತ್ತಿ. ಕಳಚಿದ ಬ್ರಾಕೆಟ್ಟುಗಳನ್ನು, ಮುರಿದ ಹಲ್ಲಿನ ಚೂರುಗಳನ್ನು ಎಣಿಸಿ. ಒಂದು ಸಿಗದಿದ್ದರೂ ಡಾಕ್ಟರಿಗೆ ಹೇಳಿ. ಅದು ಹರಿದ ತುಟಿಯೊಳಗೆ ಹುದುಗಿರಬಹುದು, ಶ್ವಾಸನಾಳಕ್ಕೂ ಹೋಗಿರಬಹುದು. ಬಿದ್ದ ಮೇಲೆ ಕೆಮ್ಮು ಶುರುವಾದರೆ ನೇರ ಆಸ್ಪತ್ರೆಗೆ. ಪೆಟ್ಟು ಬಿದ್ದ ಹಲ್ಲನ್ನು ಮತ್ತೆ ಎಳೆಯುವ ಮೊದಲು ಡಾಕ್ಟರ್ ಕೆಲವು ತಿಂಗಳು ಕಾಯುತ್ತಾರೆ. ಚಿಕಿತ್ಸೆ ತಡವಾಯಿತೆಂದು ಅವಸರಪಡಿಸಬೇಡಿ, ಗಾಯಗೊಂಡ ಬೇರನ್ನು ಒತ್ತಿದರೆ ಅದು ಕರಗುವ ಅಪಾಯವಿದೆ.

ಹಲ್ಲೆಲ್ಲ ಚೆನ್ನಾಗಿದೆ, ಗದ್ದದಡಿ ಸ್ವಲ್ಪ ಸೀಳಿದೆ ಅಷ್ಟೇ ಎಂದು ಹೊಲಿಗೆ ಹಾಕಿಸಿ ಮನೆಗೆ ಬರುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಗದ್ದಕ್ಕೆ ಬಿದ್ದ ಬಲ ಕೆಳದವಡೆಯ ಮೂಲಕ ಹಾದು ಕಿವಿಯ ಮುಂದಿನ ಕೀಲಿಗೆ ತಲುಪುತ್ತದೆ. ಕವಾಯತಿನಲ್ಲಿ ನಿಂತಲ್ಲೇ ತಲೆಸುತ್ತಿ ಮುಂದಕ್ಕೆ ಬೀಳುವ ಸೈನಿಕರಲ್ಲಿ ಗದ್ದದ ನಡುಭಾಗವೂ ಎರಡೂ ಕಿವಿಯ ಬಳಿಯ ದವಡೆ ಕತ್ತೂ ಒಟ್ಟಿಗೆ ಮುರಿಯುವುದುಂಟು. ವೈದ್ಯರು ಅದಕ್ಕೆ ಕಾವಲುಗಾರನ ಮುರಿತ ಎಂದೇ ಹೆಸರಿಟ್ಟಿದ್ದಾರೆ. ಮಕ್ಕಳಲ್ಲಿ ಈ ಮುರಿತ ಗಮನಕ್ಕೆ ಬಾರದೆ ಉಳಿದರೆ ಕೀಲು ಬೆಸೆದುಕೊಂಡು ಬಾಯಿ ತೆರೆಯುವುದು ಕಷ್ಟವಾಗಬಹುದು, ಒಂದು ಕಡೆಯ ದವಡೆ ಬೆಳೆಯದೆ ಮುಖ ವಾರೆಯಾಗಬಹುದು. ಬಾಯಿ ತೆರೆದಾಗ ಗದ್ದ ಒಂದು ಕಡೆಗೆ ವಾಲಿದರೆ, ಕಿವಿಯ ಮುಂದೆ ನೋವಿದ್ದರೆ, ಹಲ್ಲು ಕಚ್ಚಿದಾಗ ನಿನ್ನೆಯ ಹಾಗೆ ಕೂಡದಿದ್ದರೆ ಎಕ್ಸ್‌ರೇ ಬೇಕೇಬೇಕು. ಕ್ಲಿಪ್ ಹಾಕಿದ ಮಗುವಿಗೆ ತನ್ನ ಹಲ್ಲು ಕೂಡುವ ರೀತಿ ಚೆನ್ನಾಗಿ ಗೊತ್ತಿರುತ್ತದೆ. ಅದು ಏನೋ ಬೇರೆ ಥರ ಇದೆ ಎಂದರೆ ನಂಬಿ.

ಗಾಯ ಸಣ್ಣದಿದ್ದರೂ ಇನ್ನೊಂದು ಎಚ್ಚರ ಬೇಕು: ಧನುರ್ವಾಯುವಿನ ರೋಗಾಣು ಮಣ್ಣಿನಲ್ಲೂ ಕುದುರೆ ಲದ್ದಿಯಲ್ಲೂ ಇರುತ್ತದೆ. ನಮ್ಮ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ 10ನೇ ಮತ್ತು 16ನೇ ವಯಸ್ಸಿಗೆ ಅದನ್ನು ತಡೆಯುವ ಟಿ.ಡಿ. ಚುಚ್ಚುಮದ್ದು ಇದೆ. ಹತ್ತರದು ಹಾಕಿಸಿದ್ದೀರಾ ಎಂದು ಲಸಿಕೆ ಕಾರ್ಡನ್ನು ಒಮ್ಮೆ ತೆಗೆದು ನೋಡಿ.

ಉಬ್ಬು ಹಲ್ಲಿನ ಮಕ್ಕಳಿಗೆ ಬಾಯಿಪೆಟ್ಟಿನ ಅಪಾಯ ಉಳಿದವರಿಗಿಂತ ಹೆಚ್ಚು ಎಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿರುವ ಸಂಗತಿ. ಕ್ಲಿಪ್ ಹಾಕಿಸುವುದು ಬಹಳ ಸಲ ಅಂಥ ಮಕ್ಕಳಿಗೇ. ಅಂದರೆ ಚಿಕಿತ್ಸೆ ಮುಗಿದ ಮೇಲೆ ಈ ಮಗು ಮೊದಲಿಗಿಂತ ಸುರಕ್ಷಿತವಾಗಿ ಸವಾರಿ ಮಾಡುತ್ತದೆ. ನಡುವಿನ ಎರಡು ವರ್ಷವನ್ನು ದಾಟಿಸುವುದು ನಮ್ಮ ಕೆಲಸ. ಕ್ಲಿಪ್ ಹಾಕಿಸುವ ದಿನವೇ ಡಾಕ್ಟರಿಗೆ ಮಗು ಕುದುರೆ ಹತ್ತುತ್ತದೆ ಎಂದು ಹೇಳಿ. ತರಬೇತುದಾರರಿಗೆ ಬಾಯಲ್ಲಿ ಕ್ಲಿಪ್ ಇದೆ ಎಂದು ಹೇಳಿ. ರೈಡಿಂಗ್ ಶಾಲೆ ನಡೆಸುವವರಲ್ಲಿ ನನ್ನ ಕೋರಿಕೆ ಒಂದೇ: ಹೆಲ್ಮೆಟ್ ಇಲ್ಲದ ಮಗುವನ್ನು ನೀವು ಕುದುರೆ ಹತ್ತಲು ಬಿಡುವುದಿಲ್ಲ, ಮೌತ್‌ಗಾರ್ಡ್ ಇಲ್ಲದ ಮಗುವನ್ನೂ ಬಿಡಬೇಡಿ.